ಎರಡನೇ ನುಡಿಯ ತಪ್ಪು

“ಕೀಲಿ ಕೊಡ್ರಿ, ಅತ್ತಿ.”

ಈ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಗುರುಸಿದ್ದವ್ವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರುತ್ತಿತ್ತು. ಮಗ ಮುತ್ತು ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ, ಮೊಮ್ಮಗಳು ವಿಜಯಲಕ್ಷ್ಮೀ ಅಲ್ಲೇ ಕಾಲೇಜಿಗೆ ಹೋಗುವ ಹುಡುಗಿ. ಇಬ್ಬರೂ ಬುತ್ತಿ ಕಟ್ಟಿಕೊಂಡು ತಿಕೋಟಾದಿಂದ ಮುಂಜಾನೆಯ ಬಸ್ಸು ಹತ್ತಿದ ಮೇಲೆ ಸೊಸೆ ಸೌಭಾಗ್ಯ ಮುಸುರಿ ತಿಕ್ಕಿ, ಅಂಗಳ ಗುಡಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರು ಬಂದು ನಿಲ್ಲುವಳು.

“ದಿನಾ ಏನದು ಕೀಲಿ, ಕೀಲಿ? ತಿಜೋರಿ ತಗೀತಿಯೇನು?”

“ಪೇಟಿ ತಗೀತೇನ್ರಿ. ಸ್ವಲ್ಪ ಹೊತ್ತು.”

“ಹೆಸರಕಾಳು ಹಸನ ಮಾಡೂದೈತಿ.”

“ಮಾಡೇನ್ರಿ.”

“ಗಿರಣಿಗೆ ಜ್ವಾಳ?”

“ಕೊಟ್ಟ ಬಂದೇನ್ರಿ.”

ಇಂಥ ಸೊಸೆಯ ಜೊತೆ ಜಗಳ ಆಡುವುದಾದರೂ ಹೇಗೆ? ಕೆಲಸ ಬಿಟ್ಟಿದ್ದರೆ ಬೈಯಬಹುದಿತ್ತು. ಗುರುಸಿದ್ದವ್ವ ಸೊಂಟದ ಕೀಲಿ ಗೊಂಚಲು ಬಿಚ್ಚಿ ನೆಲಕ್ಕೆ ಝಣ್ ಅನ್ನುವಂತೆ ಬಿಸಾಕುವಳು. ಸೌಭಾಗ್ಯ ಬಗ್ಗಿ ಎತ್ತಿಕೊಂಡು, ಕಟ್ಟಿಗೆಯ ಪೆಟ್ಟಿಗೆಯ ಕೀಲಿ ತೆಗೆದು, ಒಳಗಿನ ಪೇಟಿ ಹೊತ್ತು, ಹಿತ್ತಲ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವಳು.

ಪೇಟಿ ಗುರುಸಿದ್ದವ್ವನ ಗಂಡ ಗುರುಪಾದಯ್ಯನವರದು. ಓದಿದವರು ಅದನ್ನು ಹಾರ್ಮೋನಿಯಂ ಅಂತಾರೆ, ತಿಕೋಟಾದ ಓಣಿಯಲ್ಲಿ ಅದು ಪೇಟಿಯೇ. ಪ್ರಾಯದಲ್ಲಿ ಮಿರಜಕ್ಕೆ ಹೋಗಿ ಹೆಗಲ ಮೇಲೆ ಹೊತ್ತು ತಂದದ್ದು. ಸೋಮವಾರದ ಭಜನೆಯಲ್ಲಿ ಸಿದ್ದರಾಯ ಹಾಡಬೇಕು, ಬಾಬು ತಬಲಾ ಬಾರಿಸಬೇಕು, ಅಯ್ಯನವರು ಪೇಟಿಗೆ ಕೂಡಬೇಕು. ಬೇರೆ ಥರ ಭಜನೆಯನ್ನು ಆ ಓಣಿ ಕಂಡಿರಲಿಲ್ಲ. ಯುಗಾದಿ ಇನ್ನೂ ಮುಂದಿರುವಾಗ ಅಯ್ಯನವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ವಿಜಯಪುರದ ದವಾಖಾನೆಯಿಂದ ತಿರುಗಿ ಬಂದವರು ಪಡಸಾಲೆಯ ಕಬ್ಬಿಣದ ಮಂಚ ಹಿಡಿದರು. ಹೆಂಡತಿ ಅಂಬಲಿ ಕುಡಿಸಲು ಬಂದರೆ ಎರಡು ಚಮಚ ಕುಡಿದು ಗೋಡೆಗೆ ಮುಖ ತಿರುಗಿಸುವರು.

ಕಾರಹುಣ್ಣಿಮೆಗೆ ಬಬಲೇಶ್ವರದ ತವರಿಗೆ ಹೋದಾಗ ಗುರುಸಿದ್ದವ್ವ ತಮ್ಮನ ಮಗ ಸಂಗುಗೆ ಮಾತು ಕೊಟ್ಟುಬಿಟ್ಟಳು. ಸಂಗು ಬಬಲೇಶ್ವರದ ಭಜನೆಯಲ್ಲಿ ಪೇಟಿ ಬಾರಿಸುವವನು, ಕೈ ಬಲು ಚುರುಕು. “ಶ್ರಾವಣದ ಕಡೇ ಸೋಮವಾರ ಭಜನಿ ನಮ್ಮ ಮನ್ಯಾಗ ಇರತೈತಿ. ಬಂದು ಬಾರಿಸು, ಪೇಟಿ ಒಯ್ಯಿ. ಸುಮ್ನ ಕುಂತು ಹುಳಾ ಹತ್ತೂದಕಿಂತ ನಮ್ಮ ರಕ್ತದವನ ಕೈಯಾಗಿರಲಿ,” ಅಂದಳು. ತಮ್ಮ, ತಮ್ಮನ ಹೆಂಡತಿ ಎಲ್ಲರೂ ಕೇಳಿಸಿಕೊಂಡರು. ಗಂಡನ ಮನೆಯಲ್ಲಿ ಮಾತ್ರ ಯಾರನ್ನೂ ಕೇಳಿರಲಿಲ್ಲ.

ಅತ್ತ ಆಕೆ ತವರಿನಲ್ಲಿದ್ದಾಗಲೇ ಇತ್ತ ಎಡವಟ್ಟಾಯಿತು. ಅತ್ತೆ ಬಿಟ್ಟುಹೋಗಿದ್ದ ಕೀಲಿಯಿಂದ ಪೆಟ್ಟಿಗೆ ತೆಗೆದು, ಧೂಳು ಒರೆಸಲು ಪೇಟಿ ಹೊರಗಿಟ್ಟ ಸೌಭಾಗ್ಯ ಸ್ವರದ ಒಂದು ಮನೆ ಒತ್ತಿ ನೋಡಿದಳಂತೆ. ಗೋಡೆ ಕಡೆ ಮಲಗಿದ್ದ ಮಾವ ಸರಕ್ಕನೆ ಈಚೆ ತಿರುಗಿದರಂತೆ. ಅಷ್ಟೇ, ಆಕೆಗೆ ಹುಚ್ಚು ಹಿಡಿಯಿತು. ಆದರೆ ಮಾವನ ಎದುರು ಸೊಸೆ ಕೂತು ಪೇಟಿ ಕಲಿಯುವುದು ಈ ಮನೆಯಲ್ಲಿ ಉಂಟೇ? ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಸೌಭಾಗ್ಯ ಮಾವನ ಮುಂದೆ ತಲೆಯ ಸೆರಗು ಜಾರಗೊಟ್ಟವಳಲ್ಲ. ದಾರಿ ತೋರಿಸಿದವಳು ವಿಜಯಲಕ್ಷ್ಮೀ. “ಅವ್ವಾ, ನೀ ಹಿತ್ತಲ ಕೋಣ್ಯಾಗ ಬಾರಿಸಿ ಫೋನಿನ್ಯಾಗ ರೆಕಾರ್ಡ್ ಮಾಡು. ಮೊದಲು ನೀನ ಕೇಳು. ಆಮ್ಯಾಲ ಮುತ್ಯಾಗ ಕೇಳಸೂಣು.”

ಮೊದಲ ಸಲ ತನ್ನದೇ ಬಾರಿಸಾಣಿಕೆ ಕೇಳಿ ಸೌಭಾಗ್ಯ ಅತ್ತುಬಿಟ್ಟಿದ್ದಳು. ಗಾಳಿ ಹಾಕುವ ಸಪ್ಪಳ ಉಬ್ಬಸ ಬಂದ ಎಮ್ಮೆಯ ಉಸಿರಿನಂತೆ ಕೇಳಿತ್ತು. “ಬಾರಿಸೂವಾಗ ಎಲ್ಲಾ ಬರೋಬ್ಬರಿ ಅನಸ್ತೈತಿ, ಕೇಳಿದಾಗ ಮಾನ ಹೋಗತೈತಿ,” ಅಂದಿದ್ದಳು. ಆದರೂ ಬಿಡಲಿಲ್ಲ. ಬಾರಿಸುವುದು, ಕೇಳುವುದು, ಮತ್ತೆ ಬಾರಿಸುವುದು. ಸ್ವಲ್ಪ ಕಿವಿಗೆ ಹಿತವಾದದ್ದು, ಹಿಂದೆ ಬೇರೆ ಸಪ್ಪಳ ಇಲ್ಲದ್ದು ಮಾವನ ಮಂಚಕ್ಕೆ ಹೋಗುವುದು, ಮಿಕ್ಕದ್ದು ಫೋನಿನಲ್ಲೇ ಉಳಿಯುವುದು. ಅಯ್ಯನವರ ಎಡಗೈಯಲ್ಲಿ ಬೆಳ್ಳಿಯ ಉಂಗುರ. ಎಲ್ಲಿ ತಪ್ಪಿತೋ ಅಲ್ಲಿ ಉಂಗುರದಿಂದ ಮಂಚದ ಪಟ್ಟಿಗೆ ಟಣ್ ಅಂತ ಒಂದು ಬಡಿಯುವರು. ಬಡಿಯದಿದ್ದರೆ ಸರಿ ಅಂತ ಅರ್ಥ.

ವಿಜಯಲಕ್ಷ್ಮೀ ಹಗಲು ಊರಲ್ಲಿರುವುದಿಲ್ಲ. ಸಂಜೆ ಆಕೆ ಬರುವ ಹೊತ್ತಿಗೆ ಅಯ್ಯನವರು ಗುಳಿಗೆ ನುಂಗಿ ಮಲಗಿರುತ್ತಾರೆ. ಹೀಗಾಗಿ ಫೋನು ಹಿಡಿದು ಮಂಚದ ಹತ್ತಿರ ಕೂಡುವ ಕೆಲಸ ಯಾರ ಪಾಲಿಗೆ ಬಂತು ಅಂತೀರಿ? ಗುರುಸಿದ್ದವ್ವನ ಪಾಲಿಗೇ ಬಂತು.

“ನಾ ಏನ್ ನಿಮ್ಮ ಟಪಾಲಿನವಳಾ?” ಅಂತ ದಿನಾ ಒದರುವಳು. ಆದರೂ ಒಯ್ಯುವಳು. ಭಜನೆಯ ಪದಗಳೆಲ್ಲ ಆಕೆಗೆ ಬಾಯಿಪಾಠ. ಉಂಗುರ ಬಡಿದದ್ದು ಪಲ್ಲವಿಗೋ, ಯಾವ ನುಡಿಯ ಯಾವ ಸಾಲಿಗೋ ಅನ್ನುವುದನ್ನು ಆಕೆಯಲ್ಲದೆ ಬೇರೆ ಯಾರೂ ಹೇಳುವಂತಿರಲಿಲ್ಲ. “ಪಲ್ಲದಾಗ ಒಂದ್ ಬಡದ್ರು. ಮೂರನೇ ನುಡಿ ಮುಗಿಯೂವಾಗ ಒಂದ್ ಬಡದ್ರು.” ಇಷ್ಟು ಹೇಳಿ ಫೋನು ತಿರುಗಿ ಕೊಡುವಳು.

ಆಷಾಢ ಮುಗಿಯುವ ಹೊತ್ತಿಗೆ ಸಂಗು ಫೋನ್ ಮಾಡಿ, “ಅತ್ತಿ, ಪೇಟಿ ಖಾತ್ರಿ ಐತಲ್ಲ?” ಅಂತ ಕೇಳಿದ್ದನ್ನು ಮುತ್ತು ಕೇಳಿಸಿಕೊಂಡ. ಊಟಕ್ಕೆ ಕೂತಾಗ ಗುಟ್ಟು ಹೊರಬಿತ್ತು.

“ಯವ್ವಾ, ಯಾರ್ನ ಕೇಳಿ ಮಾತು ಕೊಟ್ಟಿ?”

“ಯಾರ್ನ ಕೇಳಬೇಕು? ಬಾರಿಸಾವ್ರು ಮಲಗ್ಯಾರ. ನೀ ಬಾರಿಸ್ತೀಯೇನು?”

ಮುತ್ತು ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಒತ್ತಿದ. “ನನಗೆಲ್ಲಿ ಬರತೈತಿ. ಒಯ್ಲಿ ಬಿಡು, ತಲಿಬ್ಯಾನಿ ಹೋಗತೈತಿ. ಮನಿ ಸೊಸಿ ಪೇಟಿ ಬಾರಸಾಕತ್ಯಾಳಂತಲ್ಲ ಅಂತ ಬಸ್ಸಿನ್ಯಾಗ ಮಂದಿ ನನ್ನ ಕೇಳಾಕತ್ತಾರ.”

“ಕೇಳಿದ್ರ ಏನಾತು, ಅಪ್ಪಾ? ಹೌದು ಅನ್ನು,” ಅಂದಳು ವಿಜಯಲಕ್ಷ್ಮೀ.

“ನೀ ಸುಮ್ನ ಉಣ್ಣು.”

ಬಡಿಸುತ್ತಿದ್ದ ಸೌಭಾಗ್ಯ ಪಲ್ಯದ ಬೋಗುಣಿ ಕೆಳಗಿಟ್ಟಳು. ಗಂಡನನ್ನು ನೋಡಲಿಲ್ಲ, ಅತ್ತೆಯನ್ನೇ ನೋಡಿದಳು. “ಅತ್ತಿ, ಕಡೇ ಸೋಮವಾರ ನಾ ಬಾರಿಸಿದ್ರ ಪೇಟಿ ಮನ್ಯಾಗ ಉಳೀತೈತೇನ್ರಿ?”

ಎಂದೂ ಎದುರು ಮಾತಾಡದವಳು ಹೀಗೆ ಕೇಳಿಬಿಟ್ಟಳಲ್ಲ! ಗುರುಸಿದ್ದವ್ವ ಉಣ್ಣುವ ತಾಟು ಆಚೆ ಸರಿಸಿದಳು. “ತಪ್ಪಿಲ್ದ ಬಾರಿಸಿದ್ರ ಉಳೀತೈತಿ. ಒಂದ ಒಂದ್ ತಪ್ಪಿದ್ರೂ ಸಂಗು ಒಯ್ತಾನ,” ಅಂದಳು. ಆಗುವ ಮಾತಲ್ಲ ಅಂತ ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಅಂದಳು.

ಶ್ರಾವಣ ಬಂತು. ಪಂಚಮಿಯ ಉಂಡಿ ಕಟ್ಟುತ್ತ, ಸೋಮವಾರದ ಒಪ್ಪತ್ತು ಹಿಡಿಯುತ್ತ ಸೌಭಾಗ್ಯ ಪೇಟಿ ಮಾತ್ರ ಬಿಡಲಿಲ್ಲ. ಉಂಗುರದ ಏಟು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂತು. ಉಳಿದದ್ದು ಒಂದೇ ಜಾಗ. ಗುರುವಿನ ಪದದ ಎರಡನೇ ನುಡಿಯಲ್ಲಿ ಧಾಟಿ ಮೇಲಕ್ಕೇರಿ ನಿಲ್ಲುವ ಕಡೆ ಅಯ್ಯನವರು ತಪ್ಪದೆ ಬಡಿಯುತ್ತಿದ್ದರು.

ಒಂದು ಮುಂಜಾನೆ ಅಂಬಲಿ ಕುಡಿಸಲು ಹೋದಾಗ ಅಯ್ಯನವರು ಬಾಯಿ ತೆರೆಯಲೇ ಇಲ್ಲ. ಗುರುಸಿದ್ದವ್ವ ಬೇಡಿದಳು, ಗದರಿದಳು, ಕಡೆಗೆ ಚಮಚ ಬಟ್ಟಲಿಗೆ ಬಿಸಾಕಿದಳು. ಅಷ್ಟರಲ್ಲಿ ಸೌಭಾಗ್ಯ ಫೋನು ತಂದುಕೊಟ್ಟು ಎಂದಿನಂತೆ ಹಿತ್ತಲಿಗೆ ಹೋದಳು. ಪೇಟಿಯ ಸ್ವರ ಹೊರಟಿತೋ ಇಲ್ಲವೋ, ಅಯ್ಯನವರ ಮುಖ ಗೋಡೆಯಿಂದ ಈಚೆ ತಿರುಗಿತು. ಕಣ್ಣಲ್ಲಿ ಹೊಳಪು ಬಂತು. ಗುರುಸಿದ್ದವ್ವ ಅಂಬಲಿಯ ಬಟ್ಟಲು ದೂರ ತಳ್ಳಿದಳು. ಇಷ್ಟು ವರ್ಷ ಬೇಯಿಸಿ ಹಾಕಿದವಳಿಗೆ ಬೆನ್ನು, ಈ ಹಾಳು ಡಬ್ಬಿಗೆ ಮುಖ!

ಎರಡನೇ ನುಡಿ ಬಂತು. ಉಂಗುರ ಟಣ್ ಅಂತು.

ಉಂಗುರದ ಸಪ್ಪಳ ಮುಟ್ಟದ ಹಿತ್ತಲಲ್ಲಿ ಸೌಭಾಗ್ಯ ಕಾದು ನಿಂತಿದ್ದಳು. “ಏನಂದ್ರು, ಅತ್ತಿ?”

“ಏನೂ ಬಡೀಲಿಲ್ಲ.”

“ಎರಡನೇ ನುಡಿಗೂ?”

“ಇಲ್ಲಂತ ಹೇಳಿದ್ನಲ್ಲ! ಎಷ್ಟ್ ಸಲ ಹೇಳಬೇಕು? ಬರೋಬ್ಬರಿ ಐತಿ.”

ಸೌಭಾಗ್ಯಳ ಮುಖ ಅರಳಿದ್ದನ್ನು ಗುರುಸಿದ್ದವ್ವ ನೋಡಲಿಲ್ಲ, ನೋಡದೆ ಹೊರಟುಹೋದಳು. ಮರುದಿನವೂ ಅಯ್ಯನವರು ಬಡಿದರು, ಮರುದಿನವೂ ಈಕೆ ಇಲ್ಲ ಅಂದಳು. ಒಮ್ಮೆ ಹೇಳಿದ ಸುಳ್ಳನ್ನು ತಿರುಗಿ ನುಂಗುವುದು ಆಕೆಗೆ ಬರುವಂತಿರಲಿಲ್ಲ. ಅಯ್ಯನವರು ದಿನೇ ದಿನೇ ಜೋರಾಗಿ ಬಡಿಯತೊಡಗಿದರು. ಬಡಿದು ಹೆಂಡತಿಯನ್ನೇ ದಿಟ್ಟಿಸುವರು. “ಹಂಗ್ಯಾಕ ನೋಡ್ತೀರಿ? ಹೇಳ್ತೇನಿ, ಹೇಳ್ತೇನಿ,” ಅಂತ ಎದ್ದು ಬರುವಳು.

ಮುಂದಿನ ಸೋಮವಾರದ ಭಜನೆ ಸಿದ್ದರಾಯನ ಮನೆಯಲ್ಲಿತ್ತು. “ಅಯ್ಯಾರ ಸೊಸಿ ಕಲ್ತಾಳಂತ, ಬಂದು ಕೂಡ್ಲಿ. ಪೇಟಿ ಇಲ್ದ ಭಜನಿ ಬಣ ಬಣ ಅಂತೈತಿ,” ಅಂತ ಸಿದ್ದರಾಯನೇ ಹೇಳಿ ಕಳಿಸಿದ್ದ. ಸೌಭಾಗ್ಯ ಸೆರಗು ಬಿಗಿಯಾಗಿ ಹೊದ್ದು ಪೇಟಿಯ ಮುಂದೆ ಕೂತಳು. ಹೆಂಗಸರ ಸಾಲಿನಲ್ಲಿ ಗುರುಸಿದ್ದವ್ವ. ಮುತ್ತು ಬಾಗಿಲ ಹತ್ತಿರ ಒಳಗೂ ಇಲ್ಲ, ಹೊರಗೂ ಇಲ್ಲ ಅನ್ನುವಂತೆ ನಿಂತಿದ್ದ.

ಪಲ್ಲ ಚೆನ್ನಾಗಿ ನಡೆಯಿತು. ಮೊದಲ ನುಡಿಯೂ ಸರಿಹೋಯಿತು. ಬಾಬು ತಬಲಾ ಬಾರಿಸುತ್ತಲೇ ತಲೆದೂಗಿದ. ಎರಡನೇ ನುಡಿಯಲ್ಲಿ ಸಿದ್ದರಾಯ ದನಿ ಏರಿಸಿ ನಿಂತ. ಪೇಟಿ ಬೇರೆ ಕಡೆ ಹೋಗಿ ನಿಂತಿತು. ಎರಡೂ ಒಂದಕ್ಕೊಂದು ಜಗಳಕ್ಕೆ ಬಿದ್ದಂತೆ ಕೇಳಿತು. ಸಿದ್ದರಾಯ ಕೆಮ್ಮಿ ಮೊದಲಿಂದ ಎತ್ತಿಕೊಂಡ. ಅದೇ ಜಾಗಕ್ಕೆ ಬಂದರೆ ಅದೇ ತಪ್ಪು. ಮತ್ತೊಮ್ಮೆ ಎತ್ತಿಕೊಂಡಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೌಭಾಗ್ಯಳ ಬೆರಳು ಪೇಟಿಯ ಮೇಲೆ ಹಾಗೇ ನಿಂತುಬಿಟ್ಟಿತು.

“ಇರ್ಲಿ ಬಿಡ್ರಿ, ತಂಗೀ. ಇವತ್ತ ಬರೇ ತಬಲಾದ ಮ್ಯಾಲ ಹಾಡ್ತೇವಿ,” ಅಂದ ಸಿದ್ದರಾಯ. ಒಳ್ಳೆಯ ಮಾತಿನಲ್ಲೇ ಅಂದ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ.

ಗುರುಸಿದ್ದವ್ವನಿಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಕೊಟ್ಟ ಪ್ರಸಾದ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

ಮರುದಿನ ಮುತ್ತುವಿಗೂ ಮಗಳಿಗೂ ರಜೆ. ಮುತ್ತು ಚಹಾದ ಕಪ್ಪು ಹಿಡಿದು ಪಡಸಾಲೆಯಲ್ಲಿ ಅಡ್ಡಾಡತೊಡಗಿದ. “ಸಾಕು ಇನ್ನ. ನಾಕ್ ಮಂದ್ಯಾಗ ನಗೆಪಾಟಲಾತು. ಪೆಟ್ಟಿಗಿಗೆ ಕೀಲಿ ಹಾಕ್ರಿ.”

“ಒಂದ ಜಾಗಾ ತಪ್ಪೈತಿ, ಅಪ್ಪಾ. ಒಂದ ಜಾಗಾ!” ವಿಜಯಲಕ್ಷ್ಮೀ ಅವ್ವನ ಫೋನು ತಂದು ಅಜ್ಜನ ಮಂಚದ ಮೇಲೆ ಕೂತಳು. “ಮುತ್ಯಾಗ ಕೇಳಸದ ಬಿಟ್ಟಿದ್ದೂ ಸೇರಿಸಿ ಎಲ್ಲಾ ರೆಕಾರ್ಡಿಂಗ್ ಒಂದರ ಮ್ಯಾಲ ಒಂದ್ ಹಚ್ತೇನಿ. ಎಲ್ಲಿ ಎಡವಟ್ಟಾಗೈತಿ ನೋಡೂಣು.”

ಪೇಟಿ ನುಡಿಯತೊಡಗಿತು. ಅದರ ಹಿಂದೆ ಬಾಗಿಲಾಚೆಯಿಂದ ಒಂದು ಹೆಂಗಸಿನ ದನಿ, ಗರಗಸ ಎಳೆದಂತೆ: “ಹಾಲ ಉಕ್ಕಿ ಹರದಾವು, ಇಕೀ ನೋಡಿದ್ರ ಭೋಂ ಅಂತ ಕುಂತಾಳ!” ಎರಡನೆಯದು ಹಚ್ಚಿದರೆ ಅದೇ ದನಿ: “ತವರಮನ್ಯಾಗ ಒಂದ್ ತುತ್ತೂರಿ ಕಂಡಿದ್ದಿಲ್ಲ, ಇಲ್ಲಿ ಬಂದು ಪೇಟಿ ಬೇಕಾತು!” ಮೂರನೆಯದರಲ್ಲೂ ಅದೇ.

ಕಾಳು ಕೇರುತ್ತ ಕೂತಿದ್ದ ಗುರುಸಿದ್ದವ್ವ ಮೊರ ನಿಲ್ಲಿಸಿದಳು. “ಯಾರಕೀ, ಹಿಂದ ಒದರಾಕತ್ತಾಕಿ? ಮಗ್ಗಲಮನಿ ಮದೀನಾಬಿ ಏನು? ಅಬಾಬಾ, ಏನ್ ಬಾಯಿ ಅಕೀದು! ಬಾರಿಸಾವ್ರ ಕೈಯರ ಹೆಂಗ ಓಡಬೇಕು?”

ಮುತ್ತು ಕಪ್ಪಿನೊಳಗೆ ನೋಡಿದ. ಸೌಭಾಗ್ಯ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿದಳು.

“ಆಯಿ,” ಅಂದಳು ವಿಜಯಲಕ್ಷ್ಮೀ ಮೆಲ್ಲಗೆ, “ಅದು ನೀನ.”

“ನಾನಾ? ಹುಚ್ಚಿ, ನನ್ನ ಧ್ವನಿ ನನಗ ಗೊತ್ತಿಲ್ಲೇನು?”

ಹುಡುಗಿ ಮತ್ತೊಮ್ಮೆ ಹಚ್ಚಿದಳು. ಮಾತುಗಳು ತನ್ನವೇ. ಆ ದಿನ ಹಾಲು ಉಕ್ಕಿದ್ದೂ ನೆನಪಿದೆ. ಆದರೆ ತಾನು ಹೀಗೆ ಕೇಳಿಸುತ್ತೇನೆ ಅಂತ ಗುರುಸಿದ್ದವ್ವನಿಗೆ ಇಷ್ಟು ವಯಸ್ಸಾದರೂ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಆಕೆಯ ಮುಖ ಕಪ್ಪಿಟ್ಟಿತು.

ಅಷ್ಟರಲ್ಲಿ ಫೋನಿನಲ್ಲಿ ಎರಡನೇ ನುಡಿ ಬಂತು. ಅಯ್ಯನವರ ಉಂಗುರ ಪಟ್ಟಿಗೆ ಬಡಿಯಿತು. ಒಂದಲ್ಲ, ಟಣ್ ಟಣ್ ಟಣ್ ಅಂತ ಮೇಲಿಂದ ಮೇಲೆ ಬಡಿದರು. ಕಣ್ಣು ಹೆಂಡತಿಯ ಮೇಲೇ ಇತ್ತು.

“ಮುತ್ಯಾ ಇಲ್ಲೇ ಬಡದ್ರಲ್ಲ!” ವಿಜಯಲಕ್ಷ್ಮೀ ಎದ್ದು ನಿಂತಳು. “ಆಯಿ, ಬರೋಬ್ಬರಿ ಐತಂತ ಅವ್ವಗ ಹೇಳಿದ್ದಿ?”

“ನನಗ ಕೇಳಿಸಿರಲಿಕ್ಕಿಲ್ಲ. ಕಿವಿ ಮಂದ ಆಗ್ಯಾವು,” ಅಂತ ಮೊರ ಅಲ್ಲೇ ಬಿಟ್ಟು ಗುರುಸಿದ್ದವ್ವ ಹಿತ್ತಲಿಗೆ ಹೋದಳು. ಆ ದಿನ ಊಟಕ್ಕೆ ಕರೆದರೂ ಬರಲಿಲ್ಲ.

ಮರುದಿನ ಮಗ, ಮೊಮ್ಮಗಳು ಬಸ್ಸು ಹತ್ತಿದ ಮೇಲೆ ಒಲೆಯ ಮುಂದೆ ಬಂದು ನಿಂತಳು. ಸೌಭಾಗ್ಯ ರೊಟ್ಟಿ ಬಡಿಯುತ್ತಿದ್ದಳು.

“ಬಡದಿದ್ರು. ದಿನಾ ಬಡದಿದ್ರು. ನನಗ ಚಂದಾಗಿ ಕೇಳಿಸಿತ್ತು.”

ಸೌಭಾಗ್ಯಳ ಕೈ ಹಿಟ್ಟಿನ ಮೇಲೆ ನಿಂತಿತು. “ಮತ್ತ ಯಾಕ್ರಿ?”

“ಯಾಕಂದ್ರ... ಹೊಟ್ಟಿಕಿಚ್ಚು. ಮತ್ತೇನ್ ಹೇಳ್ಲಿ? ನನ್ನ ಕಡೆ ಹೊಳ್ಳಿ ನೋಡದವ್ರು ನಿನ್ನ ಪೇಟಿ ಕೇಳಿ ಹೊಳ್ಳಿ ನೋಡ್ತಾರ.”

ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೌಭಾಗ್ಯ ತಿರುವಿ ಹಾಕಲಿಲ್ಲ. “ನೀವು ಬೈದ್ರಿ, ಸುಮ್ನಿದ್ದೆ. ಕೀಲಿ ನೆಲಕ್ಕ ಒಗದ್ರಿ, ಬಗ್ಗಿ ತಗೊಂಡೆ. ಹಿರೇರು, ಅನ್ಲಿ ಅಂದ್ಕೊಂಡೆ. ಆದ್ರ ಮಂದ್ಯಾಗ ನನ್ನ ಮಾನ ತಗದ್ರಲ್ರಿ, ಅತ್ತಿ! ತಪ್ಪಿನ ರಿಯಾಜ ಮಾಡಿಸಿದ್ರಲ್ರಿ ನನ್ನ ಕಡಿಂದ!” ದನಿ ಒಡೆಯಿತು. “ಇನ್ನ ಕೀಲಿ ಕೇಳೂದಿಲ್ಲ. ಸಂಗಪ್ಪಗ ಕೊಟ್ಟ ಬಿಡ್ರಿ.”

ಹೇಳಿದಂತೆ ಸೌಭಾಗ್ಯ ಕೀಲಿ ಕೇಳಲೂ ಇಲ್ಲ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಕೆಲಸ ಮುಗಿಸಿ ಸೌಭಾಗ್ಯ ಸುಮ್ಮನೆ ಜೋಳ ಹಸನು ಮಾಡುತ್ತ ಕೂಡುವಳು. ಅಯ್ಯನವರು ಗೋಡೆ ಕಡೆ ತಿರುಗಿದವರು ಈಚೆ ಬರಲೇ ಇಲ್ಲ, ಅಂಬಲಿಯೂ ಬೇಡ ಅಂದರು. ಮನೆ ಅನ್ನುವುದು ಬಿಕೋ ಅನ್ನತೊಡಗಿತು. ಗುರುಸಿದ್ದವ್ವ ಮುಂಜಾನೆಯಿಂದ ಸೊಂಟದ ಕೀಲಿ ಮುಟ್ಟಿ ಮುಟ್ಟಿ ನೋಡಿಕೊಂಡಳು. ಯಾವ ಮಾತಿಗೆ ಮೈ ಉರಿಯುತ್ತಿತ್ತೋ ಅದನ್ನೇ ಕೇಳಲು ಕಿವಿ ಕಾಯುತ್ತಿತ್ತು.

ಕಡೆಗೆ ತಡೆಯಲಾಗಲಿಲ್ಲ. ತಾನೇ ಪೆಟ್ಟಿಗೆ ತೆಗೆದು, ಪೇಟಿ ಎತ್ತಿ, ಏದುಸಿರು ಬಿಡುತ್ತ ಹಿತ್ತಲ ಕೋಣೆಗೆ ಹೊತ್ತು ತಂದು ಇಟ್ಟಳು. ಸೌಭಾಗ್ಯ ಗಾಬರಿಯಾಗಿ ಓಡಿ ಬಂದಳು.

“ಅಯ್ಯ, ಇಷ್ಟ್ ಭಾರ ಯಾಕ ಎತ್ತಿದ್ರಿ?”

“ನೀ ಎತ್ತವಲ್ಲಿ, ಅದಕ್ಕ. ಕೂಡು. ಅಡಗಿಮನಿ ಬಾಗಲದಾಗ ನಿಂತು ಇಡೀ ಸಂಸಾರ ಅವರ ಕೈ ನೋಡೇನಿ. ಎರಡನೇ ನುಡಿ ಏರಿದಾಗ ಅವರ ಬೆರಳು ಕರಿ ಮನಿ ಮ್ಯಾಲ ನಿಂದರ್ತಿತ್ತು. ನೀ ಅದರ ಮಗ್ಗಲದ ಬಿಳೀ ಮನಿ ಒತ್ತಾಕತ್ತಿ ಅಂತ ಕಾಣಸ್ತೈತಿ. ನೋಡು.”

ಸೌಭಾಗ್ಯ ನಿಂತೇ ಇದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು. ಆದರೆ ಬೆರಳಿಗೆ ಬೇರೆಯೇ ಹಸಿವು. ಕೂತಳು, ಗಾಳಿ ಹಾಕಿದಳು, ಕರಿ ಮನೆ ಒತ್ತಿದಳು. ಇದೇ ಸರಿ ಅಂತ ಇಬ್ಬರಿಗೂ ಒಮ್ಮೆಗೇ ಗೊತ್ತಾಯಿತು.

“ಫೋನ್ ಹಚ್ಚು,” ಅಂದಳು ಅತ್ತೆ. “ಮೊದಲಿಂದ ಬಾರಿಸು.”

ಅಂದಿನಿಂದ ಹಿತ್ತಲ ಕೋಣೆಯ ಬಾಗಿಲು ಮುಚ್ಚಿದರೆ ಗುರುಸಿದ್ದವ್ವ ಬಾಯಿಗೆ ಸೆರಗು ಹಿಡಿದುಕೊಂಡು ಕೂಡುವಳು. ಆ ದನಿ ಮತ್ತೊಮ್ಮೆ ಫೋನಿನಲ್ಲಿ ಸೇರಬಾರದು, ಅಷ್ಟೇ. ಒಂದು ದಿನ ಮದೀನಾಬಿ ಬೇಲಿಯಾಚೆಯಿಂದ ಕೂಗಿದರೆ ಕೈಸನ್ನೆ ಮಾಡಿ ಸುಮ್ಮನಾಗಿಸಿದಳು. ಇನ್ನೊಂದು ದಿನ ಕಣ್ಣೆದುರೇ ಹಾಲು ಉಕ್ಕಿ ಒಲೆಯ ಪಾಲಾಯಿತು, ಆದರೂ ಬಾಯಿ ಬಿಡಲಿಲ್ಲ. ಮಂಚದ ಹತ್ತಿರ ಕೂತು ಫೋನು ಕೇಳಿಸಿ, ಉಂಗುರ ಬಡಿದದ್ದನ್ನು ಬಡಿದಂತೆಯೇ ತಂದು ಹೇಳಿದಳು. ಸೌಭಾಗ್ಯ ಮಾತ್ರ “ಹೂಂನ್ರಿ” ಅನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ.

ಕಡೇ ಸೋಮವಾರ ಬಂತು. ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಬಬಲೇಶ್ವರದಿಂದ ಸಂಗು ಜೀಪಿನಲ್ಲಿ ಬಂದ, ಕಂಕುಳಲ್ಲಿ ಪೇಟಿ ಸುತ್ತಲು ಕಂಬಳಿ. ಕಾಲಿಗೆ ನಮಸ್ಕಾರ ಮಾಡಿ, “ಅಪ್ಪ ಹೇಳ್ಯಾನ, ಅತ್ತಿ. ಇವತ್ತ ಒಯ್ದ ಬಿಡಂತ,” ಅಂದ.

ಓಣಿಯ ಮಂದಿ ಪಡಸಾಲೆ ತುಂಬ ಕೂತರು. ಅಯ್ಯನವರನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದರು. ಮೊದಲು ಸಂಗು ಬಾರಿಸಿದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಬಾರಿಸಿದ. ಉಂಗುರ ಅಲುಗಲಿಲ್ಲ. ಮಂದಿ ಶಹಬ್ಬಾಸ್ ಅಂದರು. ಸಂಗು ಕಂಬಳಿ ಬಿಡಿಸತೊಡಗಿದ.

“ತಡಿ,” ಅಂದಳು ಗುರುಸಿದ್ದವ್ವ. “ಸೊಸಿ ಬಾರಿಸ್ತಾಳ. ಅಕಿಗೂ ಒಂದ್ ಮಾತು ಕೊಟ್ಟೇನಿ. ಗುರುವಿನ ಪದಾ, ಮಂಗಳಾರತಿ, ಎರಡೂ ತಪ್ಪಿಲ್ದ ಬಾರಿಸಿದ್ರ ಪೇಟಿ ಇಲ್ಲೇ ಇರತೈತಿ. ಅಯ್ಯಾರ ಉಂಗುರ ಒಂದ್ ಸಲ ಬಡದ್ರೂ ನೀ ಒಯ್ಯಿ. ಎಲ್ಲಾರೂ ಕೇಳ್ರಿ.”

“ಯವ್ವಾ, ಮತ್ತ ಮಂದ್ಯಾಗ ಯಾಕ?” ಅಂದ ಮುತ್ತು ಹಲ್ಲು ಕಚ್ಚಿ.

“ನೀ ಸುಮ್ನ ಕೂಡೋ.” ಗುರುಸಿದ್ದವ್ವ ಗಂಡನ ಮಂಚದ ಮಗ್ಗುಲಿಗೇ ಚಾಪೆ ಎಳೆದಳು. “ಸೌಭಾಗ್ಯಾ, ಬಾ. ಇಲ್ಲೇ ಕೂಡು. ಸೆರಗಿನ ಚಿಂತಿ ಮಾಡಬ್ಯಾಡ.”

ತಾನು ಮಂಚದ ತಲೆಗಡೆ, ಅಯ್ಯನವರ ಎಡಗೈ ಹತ್ತಿರ ಕೂತಳು. ವಿಜಯಲಕ್ಷ್ಮೀ ಫೋನು ಹಚ್ಚಿ ಗೂಡಿನಲ್ಲಿಟ್ಟಳು. ಸಿದ್ದರಾಯ ಪದ ಎತ್ತಿದ. ಪಲ್ಲ ಹೋಯಿತು, ಮೊದಲ ನುಡಿ ಹೋಯಿತು. ಎರಡನೇ ನುಡಿ ಬಂದಾಗ ಮುತ್ತು ನೆಲ ನೋಡಿದ. ಸಿದ್ದರಾಯ ದನಿ ಏರಿಸಿ ನಿಂತ, ಪೇಟಿ ಅಲ್ಲೇ ಹೋಗಿ ನಿಂತಿತು. ಎರಡೂ ಒಂದಾದವು. ಬಾಬು “ವಾಹ್!” ಅಂದ. ಗುರುಸಿದ್ದವ್ವನ ಕಣ್ಣು ಒದ್ದೆಯಾದವು.

ಮಂಗಳಾರತಿ ಇನ್ನೇನು ಮುಗಿಯುವುದರಲ್ಲಿತ್ತು. ಆರತಿ ತಟ್ಟೆ ಎದ್ದಿತು, ಎಲ್ಲರೂ ಎದ್ದು ನಿಂತರು. ಆ ಗಡಿಬಿಡಿಯಲ್ಲಿ ಸೌಭಾಗ್ಯಳ ಬೆರಳು ಒಂದು ಮನೆ ಜಾರಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಮಂದಿಗೆ ತಿಳಿಯಲಿಲ್ಲ. ಆದರೆ ಅಯ್ಯನವರ ಉಂಗುರದ ಬೆರಳು ಮೇಲಕ್ಕೆದ್ದದ್ದನ್ನು ಗುರುಸಿದ್ದವ್ವ ಕಂಡಳು. ಏನು ಎತ್ತ ಯೋಚಿಸಲಿಲ್ಲ. ತನ್ನ ಕೈಯನ್ನು ಮಂಚದ ಪಟ್ಟಿಯ ಮೇಲೆ ಚಾಚಿಬಿಟ್ಟಳು.

ಉಂಗುರ ಆಕೆಯ ಮುಂಗೈ ಎಲುಬಿನ ಮೇಲೆ ಬಿತ್ತು. ಪ್ರಾಣ ಹೋದಂತಾಯಿತು. ಆಕೆ ಕಮಕ್ ಕಿಮಕ್ ಅನ್ನಲಿಲ್ಲ. ಅಯ್ಯನವರು ಹೆಂಡತಿಯ ಮುಖ ನೋಡಿದರು. ಬಾಯಿಯ ಎಡಮಗ್ಗುಲು ಮಾತ್ರ ಸ್ವಲ್ಪ ಅಲುಗಿತು, ಸಿಟ್ಟಿಗೋ ನಗೆಗೋ ತಿಳಿಯಲಿಲ್ಲ. ಬೆರಳು ಎರಡನೇ ಸಲ ಏಳಲಿಲ್ಲ.

ಪದ ಮುಗಿಯಿತು. ಸಂಗು ಮಂಚದ ಹತ್ತಿರ ಬಂದ. “ಅತ್ತಿ, ಮಾಮಾರು ಬಡದ್ರೇನು?”

“ನಿನಗ ಕೇಳಿಸ್ತೇನು?”

“ಇಲ್ಲ.”

“ಮತ್ತ್ಯಾಕ ಕೇಳ್ತಿ?”

ಸಂಗು ಕಂಬಳಿ ಮಡಚಿದ. “ಅಪ್ಪಗ ಏನ್ ಹೇಳ್ಲಿ?”

“ಅಕ್ಕ ಮಾತು ತಪ್ಪಿದ್ಲಂತ ಹೇಳು. ಬೈಸ್ಕೋತೇನಿ.”

ಎಷ್ಟು ಕರೆದರೂ ಹುಗ್ಗಿ ಉಣ್ಣದೆ ಆತ ಜೀಪು ಹತ್ತಿದ. ಇನ್ನು ಮುಂದಿನ ಪಂಚಮಿಗೆ ತವರಿನಿಂದ ಕರೆ ಬರುವುದು ಅನುಮಾನ ಅಂತ ಗುರುಸಿದ್ದವ್ವನಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಜೀಪು ತಿರುವು ದಾಟುವವರೆಗೆ ನೋಡಿದಳು.

ಮರುದಿನ ಮಗ, ಮೊಮ್ಮಗಳು ಬಸ್ಸಿಗೆ ಹೋದ ಮೇಲೆ ಸೌಭಾಗ್ಯ ಬಂದು ನಿಂತಳು. ಕೀಲಿ ಕೇಳಲಿಲ್ಲ. ಕೈಯಲ್ಲಿ ಫೋನಿತ್ತು, ಮುಖದಲ್ಲಿ ಗಾಬರಿ.

“ಅತ್ತಿ, ನಿನ್ನೀದು ಕೇಳಾಕತ್ತಿದ್ದೆ. ಮಂಗಳಾರತಿಯೊಳಗ ನಾ ತಪ್ಪೇನ್ರಿ. ಇಲ್ಲಿ ಕೇಳ್ರಿ... ಹಾಂ, ಇಲ್ಲೇ. ನನಗ ಚಂದಾಗಿ ಕೇಳಸ್ತೈತಿ. ಆದ್ರ ಉಂಗುರದ ಸಪ್ಪಳ ಇಲ್ಲ.” ಆಕೆಯ ಕಣ್ಣು ತುಂಬಿದವು. “ಮಾವಾರಿಗೆ ಕಿವೀನೂ ಹೋದ್ವೇನ್ರಿ?”

ಪೇಟಿ ಉಳಿಯಿತಲ್ಲ ಅಂತ ಹಿಗ್ಗುವುದು ಬಿಟ್ಟು ಈಕೆ ಇದಕ್ಕೆ ಅಳುತ್ತಿದ್ದಾಳಲ್ಲ! ಗುರುಸಿದ್ದವ್ವನ ಬಾಯಿಗೆ ಹಳೇ ದನಿ ಬಂದೇಬಿಟ್ಟಿತ್ತು, ನುಂಗಿಕೊಂಡಳು. ಸೆರಗಿನೊಳಗಿಂದ ಬಲಗೈ ತೆಗೆದು ಮುಂದೆ ಚಾಚಿದಳು. ಮುಂಗೈಯ ಮೇಲೆ ಉಂಗುರದಗಲ ಕಪ್ಪುಗಟ್ಟಿತ್ತು.

“ಅವರ ಕಿವೀಗೆ ಏನ್ ಧಾಡಿ ಆಗೈತಿ? ಬಡದಾರ. ಇಲ್ಲಿ ಬಡದಾರ.”

ಸೌಭಾಗ್ಯ ಆ ಕೈಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಆಕೆಯ ಬಾಯಿಂದ “ಅತ್ತೀ” ಅನ್ನುವ ಮಾತು ತಾನಾಗಿ ಹೊರಟಿತು.

ಗುರುಸಿದ್ದವ್ವ ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಸೊಸೆಯ ಅಂಗೈಯಲ್ಲಿಟ್ಟು ಮುಚ್ಚಿದಳು.

“ಹೋಗು. ಅದೊಂದ್ ಜಾಗಾ ತಿದ್ದಕೋ. ಹಾಲು ನಾ ನೋಡ್ಕೋತೇನಿ.”